ಎದೆಹಾಲಿನ ಪಂಪು: ಕೆಲಸಕ್ಕೆ ಹೋಗುವ ತಾಯಿಯ ಮನೆಗೊಂದು ಪಾಠ



ಕಳೆದ ತಿಂಗಳ ಒಂದು ರವಿವಾರ ಸಂಜೆ, ವಾಚನಾಲಯದ ಬಾಗಿಲು ಹಾಕುವ ಹೊತ್ತಿಗೆ, ನಮ್ಮ ಸದಸ್ಯರೊಬ್ಬರು ನನ್ನನ್ನು ಬದಿಗೆ ಕರೆದು ಮೆಲ್ಲನೆ ಒಂದು ಮಾತು ಕೇಳಿದರು. ಅವರ ಮನೆಯವರು ಬರುವ ತಿಂಗಳು ಕೆಲಸಕ್ಕೆ ಹಾಜರಾಗಬೇಕು. ಕೂಸಿಗೆ ಇನ್ನೂ ಐದು ತಿಂಗಳು ತುಂಬಿಲ್ಲ. "ಪಂಪಿನಿಂದ ಹಾಲು ತೆಗೆದು ಇಡಬಹುದಂತಲ್ರೀ, ಖರೇ ಏನು? ತಾಯಿಗೆ ತ್ರಾಸ ಆಗೂದಿಲ್ಲೇನು?" ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸಣ್ಣದು. ಆದರೆ ಅದನ್ನು ಕೇಳಲು ಅವರು ಕೊನೆಯ ಓದುಗನು ಮೆಟ್ಟಿಲು ಇಳಿಯುವ ತನಕ ಕಾದಿದ್ದರು.

ಇದು ಗಂಡಸರು ಬರೆಯುವ ವಿಷಯವೇ ಎಂದು ಕೆಲವರು ಹುಬ್ಬೇರಿಸಬಹುದು. ನಾನು ವೈದ್ಯನಲ್ಲ, ಮೆಟ್ರಿಕ್ ತನಕ ಓದಿ ಗಿರಣಿಯ ಕಚೇರಿಯಲ್ಲಿ ಹಾಜರಿ ಪುಸ್ತಕ ಬರೆಯುವ ಕಾರಕೂನ. ಆದರೆ ಎರಡು ಮಕ್ಕಳ ತಂದೆ. ಮೊದಲ ಮಗುವಿನ ಕಾಲದಲ್ಲಿ ಮಾಡಿದ ತಪ್ಪು ನನ್ನದೇ ಆಗಿದ್ದುದರಿಂದ, ಅದನ್ನು ತಿದ್ದಿಕೊಂಡ ಬಗೆಯನ್ನು ಹೇಳುವ ಹೊಣೆಯೂ ನನ್ನದೇ ಎಂದು ಭಾವಿಸಿದ್ದೇನೆ.

ನನ್ನ ಹೆಂಡತಿ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರ ಬರೆಯುವವಳು. ಮೊದಲ ಹೆರಿಗೆಯ ಬಳಿಕ ಅವಳು ಕೆಲಸಕ್ಕೆ ಮರಳುವ ಎರಡು ದಿನ ಮುಂಚೆ ನಾನು ಅಂಗಡಿಗೆ ಹೋಗಿ ವಿದ್ಯುತ್ತಿನ ಪಂಪೊಂದನ್ನು ತಂದೆ. ಊರಿನಿಂದ ಬಂದಿದ್ದ ನಮ್ಮವ್ವ ಅದನ್ನು ನೋಡಿ, "ಇದೇನಪಾ, ಎಮ್ಮಿ ಹಿಂಡಿದಂಗ ಹಿಂಡ್ತೀರೇನು ಆಕೀನ್ನ?" ಎಂದು ಗದರಿದಳು. ನಾನು ನಕ್ಕುಬಿಟ್ಟೆ. ಯಂತ್ರವೆಂದ ಮೇಲೆ ಜೋರು ಹೆಚ್ಚಿಸಿದಷ್ಟೂ ಕೆಲಸ ಹೆಚ್ಚು ಎಂಬುದು ಗಿರಣಿಯಲ್ಲಿ ಕಲಿತ ಬುದ್ಧಿ. ಗುಂಡಿಯನ್ನು ಕೊನೆಯ ಅಂಕಿಗೆ ಒತ್ತಿದೆ. ಅವಳು ಹಲ್ಲುಕಚ್ಚಿ ಕುಳಿತು, "ನೋವಾದ್ರ ಆಗ್ಲಿ ಬಿಡ್ರಿ, ಹಾಲು ಬಂದ್ರ ಸಾಕು" ಎಂದಳು. ನಾಲ್ಕನೆಯ ದಿನ ತೊಟ್ಟು ಒಡೆದು ರಕ್ತ ಬಂತು. ಕೂಸು ಬಾಯಿ ಹಾಕಿದರೂ ಚೀರುವಂತಾಯಿತು. ಹದಿನೈದು ದಿನಗಳಲ್ಲಿ ಹಾಲು ಇಳಿಮುಖವಾಗಿ, ಕೂಸು ಡಬ್ಬಿಯ ಹಾಲಿಗೆ ಬಿತ್ತು. ಪಂಪು ಕಪಾಟಿನ ಮೇಲೆ ಹೋಯಿತು.

ಎರಡನೆಯ ಮಗುವಿನ ಕಾಲಕ್ಕೆ ಆಸ್ಪತ್ರೆಯ ದಾದಿಯೊಬ್ಬರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಅರ್ಧ ಗಂಟೆ ಕಲಿಸಿದರು. ಪಂಪಿನಲ್ಲಿ ಬದಲಾದುದು ಲಾಳಿಕೆ ಮಾತ್ರ. ಉಳಿದುದೆಲ್ಲ ನಮ್ಮ ತಿಳಿವಳಿಕೆಯ ಬದಲಾವಣೆ. ಆ ಮಗು ವರ್ಷ ದಾಟಿಯೂ ತಾಯಿಯ ಹಾಲು ಕುಡಿಯಿತು. ಆ ಅರ್ಧ ಗಂಟೆಯ ಪಾಠವನ್ನೂ, ಅನಂತರ ಓದಿ ತಿಳಿದುದನ್ನೂ ಇಲ್ಲಿ ಕ್ರಮವಾಗಿ ಬರೆದಿದ್ದೇನೆ.

1. ಪಂಪು ಯಾರಿಗೆ ಬೇಕು?

ಮೊದಲು ಇದನ್ನು ತಿಳಿಯೋಣ: ಎಲ್ಲ ತಾಯಂದಿರಿಗೂ ಪಂಪು ಬೇಕಾಗಿಲ್ಲ. ಕೂಸಿನ ಬಾಯಿಗಿಂತ ಒಳ್ಳೆಯ ಪಂಪು ಇನ್ನೂ ತಯಾರಾಗಿಲ್ಲ. ತಾಯಿ ಮನೆಯಲ್ಲಿಯೇ ಇದ್ದು, ಕೂಸು ಚೆನ್ನಾಗಿ ಚೀಪುತ್ತಿದ್ದು, ತೂಕವೂ ಏರುತ್ತಿದ್ದರೆ ಹಣ ಕೊಟ್ಟು ಪಂಪು ತರುವ ಅಗತ್ಯವಿಲ್ಲ.

ಪಂಪು ಅಥವಾ ಕೈಯಿಂದ ಹಾಲು ತೆಗೆಯುವುದು ಬೇಕಾಗುವ ಸಂದರ್ಭಗಳು ಮುಖ್ಯವಾಗಿ ನಾಲ್ಕು. ತಾಯಿ ದುಡಿಯಲು ಹೊರಗೆ ಹೋಗುವಾಗ. ದಿನ ತುಂಬದೆ ಹುಟ್ಟಿದ ಕೂಸು ಆಸ್ಪತ್ರೆಯಲ್ಲಿದ್ದು ಚೀಪಲಾರದಾಗ. ಎದೆ ತುಂಬಿ ಬಿಗಿದು ಕೂಸಿಗೆ ಬಾಯಿ ಹಾಕಲು ಸಿಗದಿದ್ದಾಗ. ತಾಯಿಗೋ ಕೂಸಿಗೋ ಕಾಯಿಲೆಯಾಗಿ ಕೆಲವು ದಿನ ಅಗಲಿರಬೇಕಾದಾಗ.

ಆರು ತಿಂಗಳ ತನಕ ಕೂಸಿಗೆ ತಾಯಿಯ ಹಾಲು ಮಾತ್ರ ಸಾಕು, ನೀರೂ ಬೇಡ. ಅನಂತರ ಮೆತ್ತನೆಯ ಆಹಾರದೊಡನೆ ಎರಡು ವರ್ಷ ಅಥವಾ ಅದಕ್ಕೂ ಮೀರಿ ಹಾಲು ಕೊಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ದುಡಿಯುವ ತಾಯಿಗೆ ಈ ಸಲಹೆಯನ್ನು ಪಾಲಿಸಲು ಸಾಧನ ಬೇಕು. ಪಂಪು ಅಂಥದೊಂದು ಸಾಧನ. ಅದಕ್ಕಿಂತ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ.

ಯಾವಾಗ ಆರಂಭಿಸಬೇಕು? ಕೂಸು ಆರೋಗ್ಯವಾಗಿ ಚೀಪುತ್ತಿದ್ದರೆ ಮೊದಲ ಮೂರು ನಾಲ್ಕು ವಾರ ಪಂಪಿನ ಗೊಡವೆಗೆ ಹೋಗದೆ, ಕೇಳಿದಾಗಲೆಲ್ಲ ಕೂಸಿಗೆ ಎದೆ ಕೊಡುವುದು ಲೇಸು. ಕೆಲಸಕ್ಕೆ ಮರಳುವ ಎರಡು ವಾರ ಮುಂಚೆ ದಿನಕ್ಕೊಂದು ಸಲ ಅಭ್ಯಾಸ ಮಾಡಿದರೆ ಸಾಕು. ನಾನು ಎರಡೇ ದಿನ ಮುಂಚೆ ಪಂಪು ತಂದದ್ದು ನನ್ನ ಮೊದಲ ತಪ್ಪು. ಕೂಸು ಆಸ್ಪತ್ರೆಯಲ್ಲಿ ಬೇರೆ ಇದ್ದರೆ ಮಾತ್ರ ಕಾಯಬಾರದು. ಹೆರಿಗೆಯಾದ ಮೊದಲ ಕೆಲವು ಗಂಟೆಗಳಲ್ಲಿಯೇ ಕೈಯಿಂದ ಹಾಲು ತೆಗೆಯಲು ತೊಡಗಿ, ರಾತ್ರಿಯೂ ಸೇರಿ ದಿನಕ್ಕೆ 8 ಸಲಕ್ಕೆ ಕಡಿಮೆಯಿಲ್ಲದಂತೆ ತೆಗೆಯಬೇಕು. ಆ ದಿನಗಳಲ್ಲಿ ಬರುವ ಹಳದಿ ಹಾಲು ಹನಿಗಳ ಲೆಕ್ಕದಲ್ಲಿರುತ್ತದೆ. ಅಷ್ಟು ಕಡಿಮೆಯೇ ಎಂದು ಕೈಬಿಡಬಾರದು. ಆ ಹನಿಗಳೇ ಕೂಸಿಗೆ ಮೊದಲ ರಕ್ಷಣೆ.

2. ಹಾಲು ಇಳಿಯುವ ಬಗೆ

ಊರಲ್ಲಿ ಆಕಳು ಹಿಂಡುವುದನ್ನು ನೋಡಿದವರಿಗೆ ಈ ಭಾಗ ಸುಲಭ. ಹಿಂಡುವ ಮುಂಚೆ ಕರುವನ್ನು ಬಿಡುತ್ತಾರೆ. ಕರು ಎರಡು ಸಲ ಗುದ್ದಿ ಚೀಪಿದ ಮೇಲೆ ಆಕಳು ಸೊರೆ ಬಿಡುತ್ತದೆ. ಬೆದರಿದ ಆಕಳು, ಹೊಡೆಸಿಕೊಂಡ ಆಕಳು ಹಾಲನ್ನು ಮೇಲಕ್ಕೆ ಎಳೆದುಕೊಂಡಿತೆಂದು ಹಿರಿಯರು ಹೇಳುತ್ತಿದ್ದರು. ನಮ್ಮವ್ವ ಗದರಿದ್ದರಲ್ಲಿ ನಾನು ಅರಿಯದ ತಿಳಿವಳಿಕೆ ಇತ್ತು.

ಮನುಷ್ಯರಲ್ಲಿಯೂ ಕ್ರಮ ಇದೇ. ಕೂಸು ಚೀಪಿದಾಗ ತಾಯಿಯ ಮಿದುಳಿಗೆ ಸುದ್ದಿ ಮುಟ್ಟಿ ಎರಡು ರಸಗಳು ರಕ್ತಕ್ಕೆ ಬಿಡುಗಡೆಯಾಗುತ್ತವೆ. ಪ್ರೊಲ್ಯಾಕ್ಟಿನ್ ಎಂಬುದು ಹಾಲನ್ನು ತಯಾರಿಸುತ್ತದೆ; ರಾತ್ರಿಯ ಹೊತ್ತು ಇದು ಹೆಚ್ಚು. ಆಕ್ಸಿಟೋಸಿನ್ ಎಂಬುದು ಎದೆಯೊಳಗಿನ ಸಣ್ಣ ಚೀಲಗಳನ್ನು ಹಿಚುಕಿ, ತಯಾರಾದ ಹಾಲನ್ನು ತೊಟ್ಟಿನ ಕಡೆಗೆ ಇಳಿಸುತ್ತದೆ. ಈ ಎರಡನೆಯದು ಬಹಳ ನಾಜೂಕಿನದು. ಕೂಸಿನ ಮುಖ, ಅಳು, ವಾಸನೆ, ನೆನಪು ಇವುಗಳಿಂದಲೇ ಅದು ಕೆಲಸಕ್ಕೆ ತೊಡಗುತ್ತದೆ. ನೋವು, ಅಂಜಿಕೆ, ಅವಸರ, ಬಾಗಿಲು ಬಡಿಯುವವರ ಸದ್ದು ಇವುಗಳಿಂದ ತಡೆಹಿಡಿದುಕೊಳ್ಳುತ್ತದೆ. ಜೋರಾದ ಎಳೆತದಿಂದ ನನ್ನ ಹೆಂಡತಿಗೆ ಹಾಲು ಕಡಿಮೆಯಾದದ್ದು ಏಕೆಂದು ಈಗ ತಿಳಿಯಿತಷ್ಟೆ. ನೋವು ಕೊಟ್ಟು ಹಾಲು ಇಳಿಸಲು ಬರುವುದಿಲ್ಲ.

ಇನ್ನೊಂದು ನಿಯಮ. ಎದೆ ಬರಿದಾದಷ್ಟೂ ಹಾಲು ಹೆಚ್ಚು ತಯಾರಾಗುತ್ತದೆ. ತುಂಬಿ ನಿಂತರೆ ತಯಾರಿಕೆ ನಿಧಾನವಾಗುತ್ತದೆ. ಒಂಬತ್ತು ಗಂಟೆ ಹೊರಗಿರುವ ತಾಯಿ ನಡುವೆ ಹಾಲು ತೆಗೆಯದಿದ್ದರೆ ಎದೆ ಬಿಗಿದು ನೋಯುವುದಷ್ಟೇ ಅಲ್ಲ, ಕ್ರಮೇಣ ಹಾಲೂ ಕಡಿಮೆಯಾಗುತ್ತದೆ. ಆದುದರಿಂದ ಕೂಸು ಕುಡಿಯುತ್ತಿದ್ದ ಹೊತ್ತಿಗೆ, ಸುಮಾರು ಮೂರು ಗಂಟೆಗೊಮ್ಮೆ, ಹಾಲು ತೆಗೆಯುವುದು ಅವಶ್ಯ.

3. ಮೊದಲು ಕೈಯಿಂದ ಕಲಿಯಿರಿ

ಪಂಪು ಕೆಡಬಹುದು, ವಿದ್ಯುತ್ತು ಹೋಗಬಹುದು. ಕೈ ಯಾವಾಗಲೂ ಜೊತೆಗಿರುತ್ತದೆ. ಕಾಸು ಖರ್ಚಿಲ್ಲದ ಈ ವಿದ್ಯೆಯನ್ನು ಪ್ರತಿ ತಾಯಿಯೂ ಕಲಿಯುವುದು ಒಳ್ಳೆಯದು.

ಕೈಗಳನ್ನು ಸಾಬೂನಿನಿಂದ ತೊಳೆದು ಆರಾಮವಾಗಿ ಕುಳಿತುಕೊಳ್ಳಬೇಕು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲೆ ಎರಡು ನಿಮಿಷ ಇಟ್ಟು, ಬೆರಳ ತುದಿಗಳಿಂದ ಮೆಲ್ಲಗೆ ನೀವಬೇಕು. ಬಳಿಕ ತೊಟ್ಟಿನ ಬುಡದಿಂದ ಸುಮಾರು 3 ಸೆಂಟಿಮೀಟರ್ ಹಿಂದೆ, ಮೇಲ್ಗಡೆ ಹೆಬ್ಬೆರಳು, ಕೆಳಗಡೆ ತೋರುಬೆರಳು ಇಡಬೇಕು. ಮೊದಲು ಎದೆಯ ಗೂಡಿನ ಕಡೆಗೆ ಒತ್ತಿ, ಆಮೇಲೆ ಎರಡು ಬೆರಳುಗಳನ್ನು ಒಂದಕ್ಕೊಂದು ಅದುಮಿ, ಬಿಡಬೇಕು. ಒತ್ತು, ಅದುಮು, ಬಿಡು: ಇಷ್ಟೇ ಲಯ. ಬೆರಳು ಚರ್ಮದ ಮೇಲೆ ಜಾರಬಾರದು. ತೊಟ್ಟನ್ನು ಹಿಡಿದು ಎಳೆಯಲೇಬಾರದು. ಮೊದಲ ಒಂದೆರಡು ನಿಮಿಷ ಏನೂ ಬಾರದಿದ್ದರೆ ಗಾಬರಿ ಬೇಡ. ಹನಿ ಬಂದು, ಆಮೇಲೆ ಧಾರೆಯಾಗುತ್ತದೆ. ಧಾರೆ ನಿಂತಾಗ ಬೆರಳುಗಳ ಜಾಗವನ್ನು ಸುತ್ತಲೂ ಬದಲಿಸುತ್ತ, ಒಂದು ಎದೆಯಿಂದ ಇನ್ನೊಂದಕ್ಕೆ ಹೋಗಿಬಂದು, ಒಟ್ಟು 20 ರಿಂದ 30 ನಿಮಿಷ ತೆಗೆಯಬಹುದು.

4. ಪಂಪಿನ ಆಯ್ಕೆ

ಈ ಯಂತ್ರ ನಿನ್ನೆ ಮೊನ್ನೆಯದಲ್ಲ. ಅಮೇರಿಕೆಯಲ್ಲಿ 1854ರಲ್ಲಿಯೇ ಇಂಥದೊಂದು ಪಂಪಿಗೆ ಪೇಟೆಂಟು ದೊರೆತಿತ್ತು. 1920ರ ದಶಕದಲ್ಲಿ ವಿದ್ಯುತ್ತಿನ ಪಂಪಿಗೆ ಪೇಟೆಂಟು ಪಡೆದ ಎಡ್ವರ್ಡ್ ಲಾಸ್ಕರ್ ಎಂಬ ಎಂಜಿನಿಯರು ಹೆಸರುವಾಸಿ ಚದುರಂಗ ಆಟಗಾರನೂ ಆಗಿದ್ದ. ಆ ಹಳೆಯ ಯಂತ್ರಗಳ ಎಳೆತ ತಾಯಂದಿರಿಗೆ ಹಿಂಸೆಯಾಗುತ್ತಿತ್ತು. ಸ್ವೀಡನ್ ದೇಶದ ಎಂಜಿನಿಯರು ಐನಾರ್ ಎಗ್ನೆಲ್ ಎಷ್ಟು ಎಳೆತ ಕ್ಷೇಮವೆಂಬುದನ್ನು ವರ್ಷಗಟ್ಟಲೆ ಪರೀಕ್ಷಿಸಿ, 1956ರಲ್ಲಿ ಮೃದುವಾದ ಪಂಪೊಂದನ್ನು ರೂಪಿಸಿದ. ಎಳೆಯುವುದು, ಬಿಡುವುದು ಎಂಬ ಲಯವೇ ಅದರ ಗುಟ್ಟು. ಕೂಸು ಸಹ ಒಂದೇ ಸಮನೆ ಎಳೆಯುವುದಿಲ್ಲವಷ್ಟೆ.

ಈಗ ಅಂಗಡಿಯಲ್ಲಿ ಸಿಗುವ ಪಂಪುಗಳಲ್ಲಿ ಮೂರು ಬಗೆ.

ಮೊದಲನೆಯದು ರಬ್ಬರಿನ ಉಂಡೆಯನ್ನು ಹಿಚುಕಿ ಎಳೆಯುವ ಪಂಪು. ಅಗ್ಗವೆಂದು ಬಹಳ ಮಂದಿ ಇದನ್ನೇ ಕೊಳ್ಳುತ್ತಾರೆ. ಇದರಲ್ಲಿ ಎಳೆತ ಎಷ್ಟೆಂಬುದಕ್ಕೆ ಹಿಡಿತವಿಲ್ಲ. ಹಾಲು ಉಂಡೆಯೊಳಗೆ ನುಗ್ಗಿದರೆ ತೊಳೆಯಲು ಬಾರದೆ ಕ್ರಿಮಿಗಳು ಬೆಳೆಯುತ್ತವೆ. ಇದನ್ನು ಕೊಳ್ಳದಿರುವುದೇ ಲೇಸು. ಇದಕ್ಕಿಂತ ಬರಿಗೈ ಮೇಲು.

ಎರಡನೆಯದು ಹಿಡಿಕೆ ಒತ್ತಿ ನಡೆಸುವ ಕೈಪಂಪು. ಎಳೆತವೂ ಲಯವೂ ತಾಯಿಯ ಕೈಯಲ್ಲೇ ಇರುತ್ತವೆ. ದಿನಕ್ಕೆ ಒಂದೆರಡು ಸಲ ತೆಗೆಯುವವರಿಗೆ ಇದು ಸಾಕು.

ಮೂರನೆಯದು ವಿದ್ಯುತ್ತಿನ ಪಂಪು. ದಿನಾಲೂ ಹಲವು ಸಲ ತೆಗೆಯುವವರಿಗೆ ಅನುಕೂಲ. ಎರಡೂ ಎದೆಗಳಿಂದ ಒಟ್ಟಿಗೆ ತೆಗೆಯುವಂಥದು ಸಿಕ್ಕರೆ ಸಮಯ ಹೆಚ್ಚುಕಡಿಮೆ ಅರ್ಧ ಉಳಿಯುತ್ತದೆ.

ಮನೆಬಳಕೆಯ ಪಂಪನ್ನು ಇನ್ನೊಬ್ಬರಿಂದ ಹಳೆಯದಾಗಿ ಕೊಳ್ಳುವುದು, ನೆರೆಮನೆಗೆ ಎರವಲು ಕೊಡುವುದು ತಪ್ಪು. ಒಬ್ಬರ ಹಾಲಿನ ತೇವ ಒಳಭಾಗದಲ್ಲಿ ಉಳಿದು ಇನ್ನೊಬ್ಬರ ಕೂಸಿಗೆ ರೋಗ ತರಬಹುದು. ಆಸ್ಪತ್ರೆಗಳಲ್ಲಿ ಹಲವರು ಬಳಸುವ ದೊಡ್ಡ ಪಂಪಿನ ರಚನೆಯೇ ಬೇರೆ. ಅದರಲ್ಲಿಯೂ ಲಾಳಿಕೆ, ನಳಿಕೆ, ಬಾಟಲಿ ಪ್ರತಿ ತಾಯಿಗೂ ಪ್ರತ್ಯೇಕ.

5. ಲಾಳಿಕೆಯ ಅಳತೆ

ನಮ್ಮ ಮನೆಯಲ್ಲಿ ಆದ ಅನಾಹುತಕ್ಕೆ ಅರ್ಧ ಕಾರಣ ನನ್ನ ಅವಸರ, ಇನ್ನರ್ಧ ಲಾಳಿಕೆ. ಎದೆಗೆ ಹಿಡಿಯುವ ಅಗಲಬಾಯಿಯ ಭಾಗಕ್ಕೆ ಲಾಳಿಕೆ ಎನ್ನುತ್ತಿದ್ದೇನೆ. ಅದರ ನಡುವಿನ ಕೊಳವೆಯೊಳಕ್ಕೆ ತೊಟ್ಟು ಹೋಗಿ ಬರುತ್ತಿರುತ್ತದೆ. ಕೊಳವೆಯ ಅಳತೆಯನ್ನು ಮಿಲಿಮೀಟರಿನಲ್ಲಿ 21, 24, 27 ಎಂದು ಹೀಗೆ ಬರೆದಿರುತ್ತಾರೆ. ಪೆಟ್ಟಿಗೆಯಲ್ಲಿ ಬಂದ ಲಾಳಿಕೆಯೇ ಎಲ್ಲರಿಗೂ ಹೊಂದಬೇಕೆಂದಿಲ್ಲ. ಚಪ್ಪಲಿಯ ಅಳತೆ ನೋಡುವ ನಾವು ಇದರ ಅಳತೆ ನೋಡುವುದಿಲ್ಲ.

ತೊಟ್ಟಿನ ಬುಡದ ಅಗಲವನ್ನು ಅಳೆದು (ಸುತ್ತಲ ಕಪ್ಪುಭಾಗವನ್ನು ಸೇರಿಸಬಾರದು) ಅದಕ್ಕಿಂತ ಸ್ವಲ್ಪವೇ ದೊಡ್ಡದನ್ನು ಆರಿಸಬೇಕು. ಅಳತೆ ಸರಿಯಾಗಿದ್ದರೆ ತೊಟ್ಟು ಕೊಳವೆಯ ಗೋಡೆಗೆ ಉಜ್ಜದೆ ಸಲೀಸಾಗಿ ಆಡುತ್ತದೆ. ಕಪ್ಪುಭಾಗ ಒಳಕ್ಕೆ ಬಹಳ ಎಳೆಯಲ್ಪಡುವುದಿಲ್ಲ. ಮುಗಿದ ಮೇಲೆ ಎದೆ ಮೆತ್ತಗಾಗಿರುತ್ತದೆ. ತೊಟ್ಟು ಗೋಡೆಗೆ ಉಜ್ಜಿ ಕೆಂಪಗಾದರೆ, ಬಿಳುಚಿದರೆ, ಅಥವಾ ಹಿಚುಕಿದಂತಾದರೆ ಲಾಳಿಕೆ ಸಣ್ಣದು. ಕಪ್ಪುಭಾಗವೆಲ್ಲ ಕೊಳವೆಗೆ ನುಗ್ಗಿದರೆ ಲಾಳಿಕೆ ದೊಡ್ಡದು. ಎರಡು ಎದೆಗಳ ಅಳತೆ ಬೇರೆ ಬೇರೆ ಇರಬಹುದು. ಬೇರೆ ಅಳತೆಯ ಲಾಳಿಕೆಗಳು ಬಿಡಿಯಾಗಿಯೂ ಸಿಗುತ್ತವೆ. ನಾವು ಅದೊಂದನ್ನು ಬದಲಿಸಿದ ದಿನವೇ ನನ್ನ ಹೆಂಡತಿ, "ಇದು ಹಿಂಗಿರ್ತದ ಅಂತ ಆವಾಗ ಯಾರೂ ಹೇಳ್ಲಿಲ್ಲ ನೋಡ್ರಿ" ಎಂದಳು. ಆ ಮಾತೇ ಈ ಲೇಖನಕ್ಕೆ ಮೂಲ.

6. ಬಳಸುವ ಕ್ರಮ

ಮೊದಲು ಕೈ ತೊಳೆದು, ಬೆನ್ನಿಗೆ ಆಧಾರವಿರುವಂತೆ ಕುಳಿತುಕೊಳ್ಳಬೇಕು. ಮುಂದಕ್ಕೆ ಬಾಗಿ ಕುಳಿತರೆ ಬೆನ್ನೂ ಭುಜವೂ ನೋಯುತ್ತವೆ. ಕುಡಿಯುವ ನೀರು ಪಕ್ಕದಲ್ಲಿರಲಿ. ಕೂಸಿನ ಚಿತ್ರವನ್ನೋ ಅದು ಹೊದ್ದ ಬಟ್ಟೆಯನ್ನೋ ಹತ್ತಿರ ಇಟ್ಟುಕೊಂಡರೆ ಹಾಲು ಬೇಗ ಇಳಿಯುತ್ತದೆ. ಇದನ್ನು ಹುಡುಗಾಟವೆಂದು ತಿಳಿಯಬೇಡಿ. ಕಾರಣವನ್ನು ಮೇಲೆ ಹೇಳಿದ್ದೇನೆ.

ತೊಟ್ಟು ಕೊಳವೆಯ ನಟ್ಟನಡುವೆ ಬರುವಂತೆ ಲಾಳಿಕೆಯನ್ನು ಇಡಬೇಕು. ಗಾಳಿ ನುಸುಳದಷ್ಟು ಹಿಡಿದರೆ ಸಾಕು, ಎದೆಗೆ ಒತ್ತಿ ಹಿಡಿಯಬಾರದು. ಒತ್ತಿದರೆ ಹಾಲಿನ ದಾರಿಯೇ ಅಡಗುತ್ತದೆ. ಯಂತ್ರವನ್ನು ಅತಿ ಕಡಿಮೆ ಎಳೆತ, ವೇಗದ ಲಯದಲ್ಲಿ ಆರಂಭಿಸಬೇಕು. ಕೂಸು ಸಹ ಮೊದಲು ಚಿಕ್ಕಚಿಕ್ಕದಾಗಿ ಬೇಗಬೇಗ ಚೀಪುತ್ತದೆ. ಒಂದೆರಡು ನಿಮಿಷದಲ್ಲಿ ಹಾಲು ಇಳಿಯತೊಡಗಿದಾಗ ಲಯವನ್ನು ನಿಧಾನ ಮಾಡಿ, ಎಳೆತವನ್ನು ಒಂದೊಂದೇ ಅಂಕಿ ಏರಿಸಬೇಕು. ಸ್ವಲ್ಪ ಅಹಿತವೆನಿಸಿದ ಕೂಡಲೇ ಒಂದು ಅಂಕಿ ಇಳಿಸಬೇಕು. ಅದೇ ಆ ತಾಯಿಗೆ ತಕ್ಕ ಅಂಕಿ. ಅದು ಎರಡಿರಲಿ, ಐದಿರಲಿ, ಇನ್ನೊಬ್ಬರ ಅಂಕಿಯೊಡನೆ ಹೋಲಿಸಬಾರದು.

ಒಮ್ಮೆಗೆ 15 ರಿಂದ 20 ನಿಮಿಷ ಸಾಕು. ನಡುನಡುವೆ ಕೈಯಿಂದ ಎದೆಯನ್ನು ಮೆಲ್ಲಗೆ ಅದುಮಿದರೆ ಹೆಚ್ಚು ಹಾಲು ಬರುತ್ತದೆ. ಲಾಳಿಕೆ ತೆಗೆಯುವ ಮುಂಚೆ ಯಂತ್ರ ನಿಲ್ಲಿಸಿ, ಅಂಚಿನಲ್ಲಿ ಬೆರಳು ತೂರಿಸಿ ಗಾಳಿ ಬಿಡಬೇಕು. ಹಾಗೆಯೇ ಕಿತ್ತರೆ ನೋವಾಗುತ್ತದೆ. ಕೊನೆಗೆ ಎರಡು ಹನಿ ಎದೆಹಾಲನ್ನೇ ತೊಟ್ಟಿಗೆ ಸವರಿ ಗಾಳಿಗೆ ಒಣಗಲು ಬಿಡಬೇಕು.

ಎಷ್ಟು ಹಾಲು ಬರಬೇಕು? ಕೂಸಿಗೆ ಕುಡಿಸಿದ ಮೇಲೆ ತೆಗೆದರೆ ಮೊದಮೊದಲು 15 ರಿಂದ 60 ಮಿಲಿಲೀಟರ್ ಬಂದರೂ ಅದು ಸಹಜವೇ. ಬಾಟಲಿಯಲ್ಲಿ ಕಂಡದ್ದರಿಂದ ಎದೆಯಲ್ಲಿರುವುದನ್ನು ಅಳೆಯಲಾಗದು. ಹಾಲು ಆರಂಭದಲ್ಲಿ ನೀಲಿಛಾಯೆಯ ತೆಳು ನೀರಿನಂತೆ ಕಂಡರೆ ಕೆಟ್ಟಿತೆಂದಲ್ಲ, ಬರಬರುತ್ತ ದಪ್ಪವಾಗುತ್ತದೆ. ಒಂದು ತಿಂಗಳಿಂದ ಆರು ತಿಂಗಳ ನಡುವಿನ ಕೂಸು ದಿನಕ್ಕೆ ಸರಾಸರಿ 750 ಮಿಲಿಲೀಟರಿನಷ್ಟು ಕುಡಿಯುತ್ತದೆ. ಆದುದರಿಂದ ತಾಯಿ ಅಗಲಿದ ಪ್ರತಿ ಗಂಟೆಗೆ 30 ರಿಂದ 45 ಮಿಲಿಲೀಟರ್ ಎಂದು ಲೆಕ್ಕ ಹಿಡಿದರೆ ಸಾಕಾಗುತ್ತದೆ.

7. ತೊಳೆಯುವುದು ಗಂಡನ ಪಾಳಿ

ಹಾಲು ತೆಗೆಯುವುದು ತಾಯಿಯಿಂದಲೇ ಆಗಬೇಕು. ತೊಳೆಯುವುದು ಯಾರಿಂದಲಾದರೂ ಆಗುತ್ತದೆ. ನಮ್ಮ ಮನೆಯಲ್ಲಿ ಅದು ನನ್ನ ಪಾಳಿ.

ಪ್ರತಿ ಬಳಕೆಯ ಬಳಿಕ ಹಾಲು ಮುಟ್ಟಿದ ಭಾಗಗಳನ್ನೆಲ್ಲ ಬಿಡಿಸಿ, ಹರಿಯುವ ನೀರಿನಲ್ಲಿ ತೊಳೆದು, ಬಿಸಿ ಸಾಬೂನು ನೀರಿನಲ್ಲಿ ಉಜ್ಜಬೇಕು. ಇದಕ್ಕೆ ಪ್ರತ್ಯೇಕ ಬೋಗುಣಿ, ಪ್ರತ್ಯೇಕ ಬ್ರಷ್ಷು ಇಡಬೇಕು. ಎಂಜಲು ಪಾತ್ರೆ ತೊಳೆಯುವ ಮೋರಿಯಲ್ಲಿ ಇಡಬಾರದು. ಚೆನ್ನಾಗಿ ಜಾಲಿಸಿ, ಶುಭ್ರ ಬಟ್ಟೆಯ ಮೇಲೆ ಹರವಿ ಗಾಳಿಗೆ ಒಣಗಿಸಬೇಕು, ಒರೆಸಬಾರದು. ಕೂಸು ಎರಡು ತಿಂಗಳಿಗಿಂತ ಚಿಕ್ಕದಾಗಿದ್ದರೆ ಅಥವಾ ದಿನ ತುಂಬದೆ ಹುಟ್ಟಿದ್ದರೆ ದಿನಕ್ಕೊಮ್ಮೆಯಾದರೂ ಈ ಭಾಗಗಳನ್ನು ನೀರಿನಲ್ಲಿ ಮುಳುಗಿಸಿ 5 ನಿಮಿಷ ಕುದಿಸಬೇಕು. ಕುದಿಸಬಹುದಾದ ಭಾಗಗಳು ಯಾವುವೆಂದು ಪಂಪಿನ ಜೊತೆಗಿನ ಕಾಗದದಲ್ಲಿ ಬರೆದಿರುತ್ತದೆ. ಮೋಟಾರು ನೀರಿಗೆ ತಾಗಬಾರದು. ನಳಿಕೆಯಲ್ಲಿ ಬೂಷ್ಟು ಕಂಡರೆ ತೊಳೆಯುವ ಸಾಹಸ ಬೇಡ, ಬಿಸಾಡಿ ಹೊಸದು ಹಾಕಬೇಕು. ಎಳೆತ ಕಡಿಮೆಯಾಯಿತೆನಿಸಿದರೆ ಬಹುಮಟ್ಟಿಗೆ ರಬ್ಬರಿನ ಸಣ್ಣ ಕವಾಟ ಸವೆದಿರುತ್ತದೆ; ಅದನ್ನು ಬದಲಿಸಿದರೆ ಸರಿಹೋಗುತ್ತದೆ.

8. ಕಾದಿಡುವುದು

ಮುಚ್ಚಳ ಗಟ್ಟಿಯಾಗಿರುವ ಸ್ಟೀಲು, ಗಾಜು ಅಥವಾ ಆಹಾರಕ್ಕೆ ಯೋಗ್ಯವಾದ ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿ 60 ರಿಂದ 120 ಮಿಲಿಲೀಟರಿನಂತೆ ತುಂಬಿಡಬೇಕು; ಒಮ್ಮೆಗೆ ಬೇಕಾದಷ್ಟೇ ತೆಗೆದರೆ ಪೋಲಾಗುವುದಿಲ್ಲ. ಪ್ರತಿಯೊಂದರ ಮೇಲೆ ತಾರೀಖು, ವೇಳೆ ಬರೆದ ಚೀಟಿ ಅಂಟಿಸಿ. ಗೋದಾಮಿನ ನಿಯಮವೇ ಇಲ್ಲಿಯೂ: ಮೊದಲು ಬಂದ ಮಾಲು ಮೊದಲು ಹೊರಗೆ.

25 ಡಿಗ್ರಿ ಸೆಲ್ಸಿಯಸ್ ವರೆಗಿನ ತಂಪು ಕೋಣೆಯಲ್ಲಿ ಹೊಸದಾಗಿ ತೆಗೆದ ಹಾಲು 4 ಗಂಟೆ ಇರಬಹುದು. ಮುಂಬಯಿಯ ಮೇ ತಿಂಗಳ ಖೋಲಿ ಅಷ್ಟು ತಂಪಿರುವುದಿಲ್ಲ; ಅಲ್ಲಿ ನಾಲ್ಕು ಗಂಟೆ ಕಾಯದೆ ಬೇಗ ಕುಡಿಸಬೇಕು ಇಲ್ಲವೆ ಫ್ರಿಜ್ಜಿಗೆ ಸೇರಿಸಬೇಕು. ಫ್ರಿಜ್ಜಿನಲ್ಲಿ 4 ದಿನ. ಬಾಗಿಲಿನಲ್ಲಿ ಅಲ್ಲ, ಒಳಗಿನ ಹಿಂಭಾಗದಲ್ಲಿ. ಪ್ರತ್ಯೇಕ ಬಾಗಿಲಿನ ಹಿಮಪೆಟ್ಟಿಗೆಯಲ್ಲಿ 6 ತಿಂಗಳು. ಒಂದೇ ಬಾಗಿಲಿನ ಫ್ರಿಜ್ಜಿನೊಳಗಿನ ಸಣ್ಣ ಮಂಜಿನ ಖಾನೆಯನ್ನು ಅಷ್ಟು ನಂಬಬಾರದು. ಎರಡು ವಾರದೊಳಗೆ ಬಳಸಿಬಿಡಬೇಕು.

ಕಚೇರಿಯಲ್ಲಿ ಫ್ರಿಜ್ಜು ಇಲ್ಲದಿದ್ದರೆ ತಂಪು ಹಿಡಿಯುವ ದಪ್ಪ ಅಸ್ತರಿನ ಚೀಲ ಕೊಳ್ಳಿರಿ. ಅದರಲ್ಲಿ ಗಟ್ಟಿ ಹೆಪ್ಪುಗಟ್ಟಿದ ಮಂಜಿನ ಪಟ್ಟಿಗಳನ್ನು ಹಾಲಿನ ಪಾತ್ರೆಗೆ ತಾಗಿಸಿಟ್ಟರೆ 24 ಗಂಟೆಯ ತನಕ ನಡೆಯುತ್ತದೆ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಈ ಚೀಲವನ್ನು ಹೊತ್ತುಕೊಂಡು ಮನೆಗೆ ಬರುವ ತಾಯಿ ಕೂಸಿನ ನಾಳೆಯ ಊಟ ತರುತ್ತಿದ್ದಾಳೆಂದು ಮನೆಯವರು ನೆನಪಿಡಬೇಕು.

9. ಕುಡಿಸುವುದು

ಹೆಪ್ಪುಗಟ್ಟಿದ ಹಾಲನ್ನು ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ ಕರಗಿಸಬೇಕು. ಕರಗಿದ ಮೇಲೆ 24 ಗಂಟೆಯೊಳಗೆ ಬಳಸಬೇಕು, ಮತ್ತೆ ಹೆಪ್ಪುಗಟ್ಟಿಸಬಾರದು. ಎದೆಹಾಲನ್ನು ಒಲೆಯ ಮೇಲೆ ಕಾಯಿಸಬಾರದು. ಮೈಕ್ರೋವೇವಿನಲ್ಲಂತೂ ಬೇಡ, ಕೆಲವೆಡೆ ಸುಡುವಷ್ಟು ಬಿಸಿಯಾಗಿ ಕೂಸಿನ ಬಾಯಿ ಸುಟ್ಟೀತು. ಪಾತ್ರೆಯನ್ನು ಬೆಚ್ಚನೆಯ ನೀರಿನಲ್ಲಿ ಇಟ್ಟರೆ ಸಾಕು. ಮೇಲೆ ಕೆನೆ ತೇಲಿದರೆ ಮೆಲ್ಲಗೆ ತಿರುಗಿಸಿ ಬೆರೆಸಬೇಕು. ಬೆಚ್ಚಗೆ ಮಾಡಿದ ಹಾಲನ್ನು 2 ಗಂಟೆಯೊಳಗೆ ಮುಗಿಸಬೇಕು. ಕೂಸು ಕುಡಿದು ಬಿಟ್ಟದ್ದಕ್ಕೂ ಅಷ್ಟೇ ಅವಧಿ.

ಬಾಟಲಿಯೇ ಬೇಕೆಂದಿಲ್ಲ. ನಮ್ಮ ಅಜ್ಜಿಯರ ಕಾಲದ ಒಳಲೆ ಇಂದಿಗೂ ಉತ್ತಮ ಸಾಧನ, ತೊಳೆಯಲು ಸುಲಭ. ಸಣ್ಣ ಲೋಟ, ಚಮಚವೂ ನಡೆಯುತ್ತವೆ. ಕೂಸನ್ನು ಮಲಗಿಸಿ ಸುರಿಯದೆ, ತಲೆ ಎತ್ತಿ ಹಿಡಿದು, ತುಟಿಗೆ ತಾಗಿಸಿ, ಅದು ನುಂಗುವ ಓಟಕ್ಕೆ ತಕ್ಕಂತೆ ಕೊಡಬೇಕು. ಅಜ್ಜಿಯೋ ಆಯಾಳೋ ಕುಡಿಸುವುದಾದರೆ ತಾಯಿ ಕೆಲಸಕ್ಕೆ ಹೋಗುವ ಒಂದು ವಾರ ಮುಂಚೆಯೇ ರೂಢಿ ಮಾಡಿಸಬೇಕು. ಡಬ್ಬಿಹಾಲು, ಹಾಲಿನ ಬಾಟಲಿಗಳ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯಿದೆ ನಿಷೇಧಿಸಿದೆ ಎಂಬುದನ್ನೂ ಬಲ್ಲವರಾಗಿರಿ.

ಮನೆಗೆ ಬಂದ ಮೇಲೆ, ರಾತ್ರಿ, ಬೆಳಿಗ್ಗೆ, ರಜೆಯ ದಿನ ಪಂಪು ಬೇಡ. ಕೂಸಿಗೆ ನೇರವಾಗಿ ಎದೆ ಕೊಡುವುದೇ ಹಾಲನ್ನು ಉಳಿಸುವ ದಾರಿ.

10. ಕಾಯಿದೆಯಲ್ಲಿ ಇರುವುದು

ಮುಂಬಯಿ ಪ್ರಾಂತದಲ್ಲಿ ಕಾರಖಾನೆಯ ಹೆಂಗಸರಿಗೆ ಹೆರಿಗೆಯ ಸೌಲಭ್ಯ ಕೊಡುವ ಕಾಯಿದೆ 1929ರಲ್ಲಿಯೇ ಬಂತು. ಅದರ ಮಸೂದೆಯನ್ನು ಬೆಂಬಲಿಸಿ 1928ರಲ್ಲಿ ಶಾಸನ ಸಭೆಯಲ್ಲಿ ಮಾತನಾಡಿದವರಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರೂ ಒಬ್ಬರು. ಸ್ವತಂತ್ರ ಭಾರತದಲ್ಲಿ 1961ರ ಕಾಯಿದೆ ಬಂದು, 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆ 26 ವಾರಕ್ಕೆ ಏರಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಹಕ್ಕು ಉಳಿದಿದೆ. ಹೆರಿಗೆಗೆ ಮುಂಚೆ 8 ವಾರ ರಜೆ ಪಡೆದರೆ, ಕೂಸಿಗೆ ನಾಲ್ಕು ತಿಂಗಳು ದಾಟುವಷ್ಟರಲ್ಲಿ ರಜೆ ಮುಗಿಯುತ್ತದೆ. ಪಂಪಿನ ಅಗತ್ಯ ಬರುವುದು ಇಲ್ಲಿಯೇ.

ಕೆಲಸಕ್ಕೆ ಮರಳಿದ ತಾಯಿಗೆ, ಕೂಸಿಗೆ 15 ತಿಂಗಳಾಗುವ ತನಕ, ಸಾಮಾನ್ಯ ವಿಶ್ರಾಂತಿಯಲ್ಲದೆ ದಿನಕ್ಕೆ ಎರಡು ಹಾಲೂಡಿಸುವ ವಿರಾಮಗಳು ಸಲ್ಲುತ್ತವೆ. 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುವಿಹಾರದ ಸೌಕರ್ಯವಿರಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿ ಬರಬಹುದು. ಕೂಸು ಮನೆಯಲ್ಲಿದ್ದರೆ ಆ ವಿರಾಮಗಳನ್ನು ಹಾಲು ತೆಗೆಯಲು ಬಳಸಿಕೊಳ್ಳಲು ಅನುಮತಿ ಕೇಳಿ, ಬಾಗಿಲು ಹಾಕಬಹುದಾದ ಶುಚಿಯಾದ ಕೋಣೆ ಕೊಡಬೇಕೆಂದು ಕಚೇರಿಗೆ ಅರ್ಜಿ ಬರೆಯಿರಿ. ಅರ್ಜಿ ಬರೆಯಲು ಬಾರದವರಿಗೆ ರವಿವಾರ ಸಂಜೆ ವಾಚನಾಲಯದಲ್ಲಿ ನಾನು ಬರೆದುಕೊಡುತ್ತೇನೆ. ಪಾಯಿಖಾನೆಯಲ್ಲಿ ನಿಂತು ಹಾಲು ತೆಗೆಯುವ ಪರಿಸ್ಥಿತಿ ಯಾವ ತಾಯಿಗೂ ಬರಬಾರದು. ನಾವಾರೂ ಅಲ್ಲಿ ಬುತ್ತಿ ಬಿಚ್ಚುವುದಿಲ್ಲ.

11. ವೈದ್ಯರ ಬಳಿಗೆ ಯಾವಾಗ?

ಎದೆಯ ಒಂದು ಭಾಗ ಕೆಂಪಗೆ, ಗಟ್ಟಿಯಾಗಿ ನೋಯುತ್ತಿದ್ದು ಜ್ವರ ಬಂದರೆ. ತೊಟ್ಟಿನ ಗಾಯ ಮಾಯದಿದ್ದರೆ. ಕೂಸು ದಿನಕ್ಕೆ ಆರಕ್ಕಿಂತ ಕಡಿಮೆ ಸಲ ಉಚ್ಚೆ ಹೊಯ್ಯುತ್ತಿದ್ದರೆ ಅಥವಾ ತೂಕ ಏರದಿದ್ದರೆ ತಡಮಾಡದೆ ಹೋಗಬೇಕು. ಜ್ವರ ಬಂತೆಂದು ಹಾಲು ನಿಲ್ಲಿಸುವುದು ತಪ್ಪು. ನಿಂತ ಹಾಲಿನಿಂದ ಬಾಧೆ ಹೆಚ್ಚಾಗುತ್ತದೆ. ಆದರೆ ಅತಿಯಾಗಿ ಪಂಪು ಮಾಡುವುದೂ ಬೇಡ, ಎಂದಿನಷ್ಟೇ ಸಾಕು. ಔಷಧಿ ಕೊಡುವಾಗ ಕೂಸಿಗೆ ಹಾಲೂಡಿಸುತ್ತಿರುವುದನ್ನು ವೈದ್ಯರಿಗೆ ತಿಳಿಸಬೇಕು.

ಹಾಲು ಮಿಗುವಷ್ಟಿರುವ ತಾಯಂದಿರಿಗೆ ಒಂದು ಮಾತು. ನಮ್ಮ ಮುಂಬಯಿಯ ಸಾಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸರು ಏಷ್ಯಾದಲ್ಲಿಯೇ ಮೊದಲನೆಯ ತಾಯಿಹಾಲಿನ ಬ್ಯಾಂಕನ್ನು ತೆರೆದರು. ದಾನವಾಗಿ ಬಂದ ಹಾಲನ್ನು ಪರೀಕ್ಷಿಸಿ, ಹದವಾದ ಶಾಖದಲ್ಲಿ ಶುದ್ಧಗೊಳಿಸಿ, ತಾಯಿಯ ಹಾಲು ಸಿಗದ ಎಳೆಗೂಸುಗಳಿಗೆ ಕೊಡುತ್ತಾರೆ. ಯಾರದೋ ಕೂಸು ಯಾರದೋ ತಾಯಿಯ ಹಾಲಿನಿಂದ ಬದುಕುತ್ತದೆ. ದಾನ ಮಾಡಬಯಸುವವರು ಬ್ಯಾಂಕಿನಲ್ಲಿಯೇ ವಿಚಾರಿಸಬೇಕು. ಕೈಬದಲಾಗಿ ನೇರವಾಗಿ ಇನ್ನೊಬ್ಬರ ಕೂಸಿಗೆ ಕೊಡಬಾರದು.

ಮನನಕ್ಕೆ ಪ್ರಶ್ನೆಗಳು

(1) ಪಂಪಿನ ಎಳೆತವನ್ನು ಏಕೆ ಕಡಿಮೆ ಅಂಕಿಯಿಂದ ಆರಂಭಿಸಬೇಕು?
(2) ಲಾಳಿಕೆ ಸಣ್ಣದಾಗಿದೆ ಎಂಬುದನ್ನು ಯಾವ ಗುರುತುಗಳಿಂದ ತಿಳಿಯಬಹುದು?
(3) ಬೆಳಿಗ್ಗೆ 11 ಗಂಟೆಗೆ ತೆಗೆದು ಮಂಜಿನ ಪಟ್ಟಿಗಳೊಡನೆ ಚೀಲದಲ್ಲಿಟ್ಟ ಹಾಲನ್ನು ಸಂಜೆ 7ಕ್ಕೆ ಮನೆಗೆ ತಂದು ಏನು ಮಾಡಬೇಕು?
(4) ನಿಮ್ಮ ಮನೆಯಲ್ಲಿ ಪಂಪು ತೊಳೆಯುವ ಪಾಳಿ ಯಾರದು?

ಕೊನೆಯ ಪ್ರಶ್ನೆಯ ಉತ್ತರವನ್ನು ಗಂಡಸರು ಮನೆಯಲ್ಲಿ ಹೇಳಿದರೆ ಸಾಕು. ಅಂದು ನನ್ನನ್ನು ಬದಿಗೆ ಕರೆದು ಕೇಳಿದ ಸದಸ್ಯರು ಇದನ್ನು ಓದುತ್ತಿದ್ದರೆ, ಅವರಿಗೆ ನನ್ನ ಬಿನ್ನಹ ಒಂದೇ: ಈ ಹಾಳೆಯನ್ನು ಮಡಿಚಿ ಜೇಬಿನಲ್ಲಿ ಇಟ್ಟುಕೊಳ್ಳದೆ ಮನೆಯವರ ಕೈಗೆ ಕೊಡಿರಿ. ನಾನು ಮೊದಲ ಸಲ ಮಾಡದೆ ಹೋದ ಕೆಲಸ ಅದು.